3.78 ವೋಲ್ಟಿನ ಕೆಳಗೆ

ಅಡಿಕೆ ಸಸಿಗಳ ಬುಡದಲ್ಲೆಲ್ಲ ನೀರು ನಿಂತಿತ್ತು, ಗುಡ್ಡದ ಮೇಲಿನ ಟ್ಯಾಂಕು ಖಾಲಿ. ಮಣ್ಣು ಒಣಗಿದಾಗ ಮಾತ್ರ ವಾಲ್ವ್ ತೆರೆಯಬೇಕಿದ್ದ ನನ್ನ ಬೋರ್ಡು ರಾತ್ರಿಯಿಡೀ ಅದನ್ನು ತೆರೆದೇ ಇಟ್ಟಿತ್ತು. ಅಪ್ಪ ಏನೂ ಅನ್ನದೆ ಗುದ್ದಲಿ ಹಿಡಿದು ಬಸಿಗಾಲುವೆ ಬಿಡಿಸತೊಡಗಿದರು.

ಮನೆಯ ಮೇಜಿನ ಮೇಲೆ ಅದೇ ಬೋರ್ಡು ಮೂರು ವಾರ ಒಂದು ತಪ್ಪೂ ಮಾಡಿರಲಿಲ್ಲ. ಅಲ್ಲಿ ಅದಕ್ಕೆ ಯುಎಸ್‌ಬಿಯ 5 ವೋಲ್ಟ್ ಸಿಗುತ್ತಿತ್ತು. ತೋಟದಲ್ಲಿದ್ದದ್ದು ಸೋಲಾರ್‌ನಿಂದ ಚಾರ್ಜ್ ಆಗುವ ಒಂದೇ ಒಂದು 18650 ಸೆಲ್. ತುಂಬಿದಾಗ 4.2 ವೋಲ್ಟ್, ಖರ್ಚಾಗುತ್ತ ಬಂದಂತೆ 3.7ರ ಆಸುಪಾಸು. ಎಟಿಮೆಗಾ328ಪಿ ಚಿಪ್ 1.8 ವೋಲ್ಟಿನಲ್ಲೂ ಓಡುತ್ತದೆ ಎಂದು ಓದಿಕೊಂಡಿದ್ದೆ, ಹಾಗಾಗಿ ವೋಲ್ಟೇಜ್ ಮೇಲೆ ಅನುಮಾನವೇ ಬರಲಿಲ್ಲ. ಎರಡು ರಾತ್ರಿ ಕೋಡ್ ತಡಕಾಡಿದೆ.

ಸುಳಿವು ಸಿಕ್ಕಿದ್ದು ಈಈಪ್ರಾಮ್‌ನಲ್ಲಿ. ತೇವ ಶೇಕಡಾ 40ಕ್ಕಿಂತ ಇಳಿದರೆ ನೀರು ಬಿಡು ಎಂದು ಅಲ್ಲಿ ಬರೆದಿಟ್ಟಿದ್ದೆ. ಓದಿ ನೋಡಿದರೆ 40ರ ಜಾಗದಲ್ಲಿ 255 ಕೂತಿತ್ತು, ಅಂದರೆ ಅಳಿಸಿಹೋದ ಬೈಟ್. ತೇವ ಎಷ್ಟಿದ್ದರೂ 255ಕ್ಕಿಂತ ಕಡಿಮೆಯೇ. ಚಿಪ್ ತನಗೆ ಹೇಳಿದಂತೆ ನಡೆದುಕೊಂಡಿತ್ತು. ಆದರೆ ಅಳಿಸಿದ್ದು ಯಾರು?

ಆಗ ಡೇಟಾಶೀಟನ್ನು ಸರಿಯಾಗಿ ಓದಿದೆ. 1.8 ವೋಲ್ಟ್ ಎನ್ನುವುದು 4 ಮೆಗಾಹರ್ಟ್ಸ್‌ವರೆಗಿನ ಮಾತು. 10 ಮೆಗಾಹರ್ಟ್ಸ್‌ಗೆ 2.7 ಬೇಕು, 20ಕ್ಕೆ 4.5. ಇವೆರಡರ ನಡುವೆ ನೇರ ಗೆರೆ ಎಳೆದರೆ ನನ್ನ 16 ಮೆಗಾಹರ್ಟ್ಸ್ ಕ್ರಿಸ್ಟಲ್ ನಿಲ್ಲುವುದು 3.78ರ ಹತ್ತಿರ. ಸೆಲ್ ತುಂಬಿದ್ದಾಗ ಗೆರೆಯ ಮೇಲೆ, ಅರ್ಧ ಖಾಲಿಯಾದಾಗ ಕೆಳಗೆ. ಗೆರೆಯ ಕೆಳಗೆ ಚಿಪ್ ಸಾಯುವುದಿಲ್ಲ, ತಪ್ಪುತಪ್ಪಾಗಿ ನಡೆಯುತ್ತದೆ. ಸಾಯುವುದಕ್ಕಿಂತ ಇದು ಕೆಟ್ಟದ್ದು. ವೋಲ್ಟೇಜ್ ಸಾಲದಿದ್ದರೆ ಈಈಪ್ರಾಮ್ ಕೆಡಬಹುದು ಎಂದೂ ಅಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಲೆಕ್ಕ ಕೂಡಿತು, ಆದರೂ ಕಣ್ಣಾರೆ ನೋಡಬೇಕಿತ್ತು. ರಿಪೇರಿ ಅಂಗಡಿ ಇಟ್ಟಿರುವ ಗೆಳೆಯನ ಪವರ್ ಸಪ್ಲೈಗೆ ಬೋರ್ಡ್ ಜೋಡಿಸಿ 0.1 ವೋಲ್ಟಿನಂತೆ ಇಳಿಸುತ್ತ ಹೋದೆ. 3.3ರಲ್ಲೂ ಎಲ್‌ಇಡಿ ನೆಟ್ಟಗೆ ಮಿನುಗುತ್ತಿತ್ತು! ಗೆರೆಯ ಕೆಳಗೆ ಗ್ಯಾರಂಟಿ ಇಲ್ಲ ಅಷ್ಟೇ. ಬಹಳ ಸಲ ನಡೆದೂ ಬಿಡುತ್ತದೆ, ಮೋಸ ಇರುವುದೇ ಅಲ್ಲಿ. ಸಪ್ಲೈ ತೆಗೆದು ತೋಟದ ಸೆಲ್ಲನ್ನೇ ಹಾಕಿ ವಾಲ್ವ್ ತೆರೆಸಿದೆವು. ಮಲ್ಟಿಮೀಟರ್ 3.7 ಎಂದೇ ತೋರಿಸಿತು. ಗೆಳೆಯ ಆಸಿಲೋಸ್ಕೋಪಿನ ಪ್ರೋಬನ್ನು ಚಿಪ್ಪಿನ ಕಾಲಿಗೇ ಸಿಕ್ಕಿಸಿದ. ವಾಲ್ವ್‌ಗೆ 12 ವೋಲ್ಟ್ ಕೊಡುವ ಬೂಸ್ಟ್ ಮಾಡ್ಯೂಲ್ ಎದ್ದ ಕ್ಷಣ ಪರದೆಯ ಮೇಲಿನ ಗೆರೆ 2.4ಕ್ಕೆ ಧುಮುಕಿ, ಕೆಲವೇ ಮಿಲಿಸೆಕೆಂಡಿನಲ್ಲಿ ಮೇಲೆದ್ದಿತು. ಮೀಟರಿಗೆ ಅದು ಕಾಣಲು ಸಾಧ್ಯವೇ ಇರಲಿಲ್ಲ. ಕೂದಲೆಳೆಯಂಥ ಜಂಪರ್ ವೈರು, ಸ್ಪ್ರಿಂಗ್ ಹೋಲ್ಡರ್ ಎರಡೂ ತಮ್ಮ ಪಾಲಿನದ್ದನ್ನು ನುಂಗುತ್ತಿದ್ದವು.

ಕ್ರಿಸ್ಟಲ್ ತೆಗೆದು ಚಿಪ್ಪಿನೊಳಗಿನ 8 ಮೆಗಾಹರ್ಟ್ಸ್‌ಗೆ ಬಂದೆ. ನಾನು ಆಫ್ ಇಟ್ಟಿದ್ದ ಬ್ರೌನ್-ಔಟ್ ಫ್ಯೂಸನ್ನು 2.7ಕ್ಕೆ ಹಾಕಿದೆ. ಅದಕ್ಕಿಂತ ಇಳಿದರೆ ಚಿಪ್ ರಿಸೆಟ್‌ನಲ್ಲೇ ಕೂರಬೇಕು. 16ರಲ್ಲೇ ಉಳಿದಿದ್ದರೆ ಈ ಕಾವಲು ಸಾಲುತ್ತಿರಲಿಲ್ಲ, 2.7ರಿಂದ 3.78ರವರೆಗೆ ಬೇಲಿಯೇ ಇರುತ್ತಿರಲಿಲ್ಲ. ಬೂಸ್ಟ್ ಮಾಡ್ಯೂಲಿಗೆ ದಪ್ಪ ವೈರನ್ನು ಸೆಲ್ಲಿನಿಂದಲೇ ಬೇರೆಯಾಗಿ ಎಳೆದೆ. ಚಿಪ್ಪಿನ ದಾರಿಗೆ ಒಂದು ಷಾಟ್ಕಿ ಡಯೋಡು, ಅದರಾಚೆ 1000 ಮೈಕ್ರೊಫ್ಯಾರಡ್ ಕೆಪಾಸಿಟರ್. 10 ಮಿಲಿಆಂಪ್ ಎಳೆದರೂ 20 ಮಿಲಿಸೆಕೆಂಡಿಗೆ ಅದು ಕಳೆದುಕೊಳ್ಳುವುದು 0.2 ವೋಲ್ಟ್ ಮಾತ್ರ. ಚಿಪ್ ತನ್ನೊಳಗಿನ 1.1 ವೋಲ್ಟ್ ರೆಫರೆನ್ಸ್ ಬಳಸಿ ತನ್ನ ಸಪ್ಲೈಯನ್ನು ತಾನೇ ಅಳೆಯುವಂತೆ ಮಾಡಿ, 3.2ಕ್ಕೆ ಇಳಿದರೆ ವಾಲ್ವ್ ಮುಚ್ಚಿ ಸುಮ್ಮನಿರು ಎಂದು ಬರೆದೆ.

ಮೇ ಕೊನೆಗೆ ನಾಲ್ಕು ದಿನ ಮೋಡ ಕವಿಯಿತು. ಐದನೆಯ ದಿನ ಬಿಸಿಲು ಬಂದ ಮೇಲೆ ಪೆಟ್ಟಿಗೆ ತೆರೆದು ಲ್ಯಾಪ್‌ಟಾಪ್ ಜೋಡಿಸಿದೆ. ರಿಸೆಟ್ ಕಾರಣ: ಬ್ರೌನ್-ಔಟ್. ವಾಲ್ವ್ ಮುಚ್ಚಿತ್ತು, ಈಈಪ್ರಾಮ್‌ನಲ್ಲಿ 40 ಇತ್ತು.