ಉಪ್ಪುನೀರಿನ ಒಂದು ತಾಸು

ಮಾನ್ವಿ

ಚಿ. ಸುಮಂಗಲಾಗೆ ನಿನ್ನ ಸೋದರಮಾವ ಮಾಡುವ ಅನೇಕ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು ಅಂತ ಹಿಂದಿನವರ ಹಾಗೆ ನಾನೂ ಬರೆಯಬಹುದು, ಆದರೆ ನೀನು ಬರೆಯುವವಳಲ್ಲ. ಏನು ಕೇಳಿದರೂ ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಿ.

ಮೊನ್ನೆ ನಿನ್ನವ್ವ ಗಾಬರಿಯಿಂದ ಫೋನ್ ಮಾಡಿದ್ದಳು. "ಅಣ್ಣಾ, ಹುಡುಗಿಗೆ ರಾತ್ರಿ ನಿದ್ದಿ ಬರವಲ್ದಂತ. ಬೆಂಗಳೂರಾಗ ಕತ್ತಲ ಡಬ್ಬಿಯೊಳಗ ಉಪ್ಪುನೀರಾಗ ಮಲಗಿ ಬರ್ತಾಳಂತ, ತಾಸಿಗೆ ಸಾವಿರಾರು ರೂಪಾಯಿ ಕೊಟ್ಟು!" ಅಂದಳು. ನಾನು ಹ್ಞೂಂ ಅಂದು ಫೋನ್ ಇಟ್ಟೆ. ಆಮೇಲೆ ಅದೇನು ಅಂತ ಓದುತ್ತ ಕೂತವನಿಗೆ ಊಟದ ಹೊತ್ತು ಮೀರಿದ್ದೂ ತಿಳಿಯಲಿಲ್ಲ. ನಿನ್ನ ಅತ್ತೆಯ ಕೈಲಿ ಬೈಸಿಕೊಂಡೆ.

ನಿನ್ನ ತೊಟ್ಟಿಯ ಉಪ್ಪು ಯಾವುದೆಂದು ತಿಳಿದಾಗ ನಗು ಬಂತು. ಅದು ಅಡುಗೆ ಉಪ್ಪಲ್ಲ, ಮೆಗ್ನೀಸಿಯಂ ಸಲ್ಫೇಟು. ಹತ್ತಿಯ ಎಲೆ ಕೆಂಪಾಗತೊಡಗಿದರೆ ಲೀಟರ್ ನೀರಿಗೆ ಹತ್ತು ಗ್ರಾಂ ಕದಡಿ ನಾವು ಹೊಡೆಯುತ್ತೇವಲ್ಲ, ಅದೇ. ಹಿಂದೆ ಆಸ್ಪತ್ರೆಯ ಕಂಪೌಂಡರು ಜುಲಾಬಿಗೆ ಕೊಡುತ್ತಿದ್ದುದೂ ಅದೇ. ಬೆಂಗಳೂರಿನವರು ಅದನ್ನು ಅರ್ಧ ಟನ್ನಿನಷ್ಟು ಸುರಿಯುತ್ತಾರೆ. ಐವತ್ತು ಕಿಲೋದ ಚೀಲದ ಲೆಕ್ಕದಲ್ಲಿ ಹತ್ತು ಚೀಲ! ಅಷ್ಟು ಉಪ್ಪು ಕರಗಿದ ನೀರು ಸಿಹಿನೀರಿಗಿಂತ ಸುಮಾರು ಕಾಲು ಪಟ್ಟು ಹೆಚ್ಚು ತೂಕದ್ದಾಗುತ್ತದೆ. ಅದಕ್ಕೇ ಒಂದು ಗೇಣಿಗಿಂತ ತುಸು ಹೆಚ್ಚು ಆಳದಲ್ಲೂ ಮನುಷ್ಯ ತಳಕ್ಕೆ ತಾಗದೆ ತೇಲುತ್ತಾನೆ. ನೀರಿನ ಬಿಸಿ 35 ಡಿಗ್ರಿಯ ಹತ್ತಿರ, ಅಂದರೆ ಚರ್ಮದ ಬಿಸಿಯಷ್ಟೇ. ಮೈ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅನ್ನುವುದು ಸ್ವಲ್ಪ ಹೊತ್ತಿಗೆ ತಿಳಿಯದಾಗುತ್ತದಂತೆ. ಬೇಸಿಗೆಯಲ್ಲಿ ನಮ್ಮ ರಾಯಚೂರು ಸೀಮೆಯ ತೊಟ್ಟಿ ನೀರನ್ನು ಕಾಯಿಸುವುದೇ ಬೇಡ ಅಂದುಕೊಂಡೆ.

ಈ ಕತ್ತಲ ತೊಟ್ಟಿಯನ್ನು ಮೊದಲು ಮಾಡಿದವನು ಜಾನ್ ಲಿಲ್ಲಿ ಎಂಬ ಅಮೆರಿಕದ ವೈದ್ಯ, 1954ರಲ್ಲಿ, ಅಲ್ಲಿನ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ. ಅವನ ತಲೆಯಲ್ಲಿ ಆರಾಮದ ಮಾತೇ ಇರಲಿಲ್ಲ. ಕಣ್ಣು, ಕಿವಿ, ಚರ್ಮ ಯಾವುದಕ್ಕೂ ಕೆಲಸ ಕೊಡದಿದ್ದರೆ ಮಿದುಳು ತಾನಾಗಿ ಮಲಗಿಬಿಡುತ್ತದೆಯೋ, ಎಚ್ಚರವಿರುತ್ತದೆಯೋ ನೋಡಬೇಕಿತ್ತು. ಮುಖಕ್ಕೆ ಉಸಿರಾಟದ ಮುಸುಕು ಹಾಕಿಕೊಂಡು ನೀರಿನೊಳಗೆ ಮುಳುಗಿ ನಿಂತ. ಮಿದುಳು ಮಲಗಲಿಲ್ಲ. ಅಂಗಾತ ಮಲಗುವ ಉಪ್ಪಿನ ತೊಟ್ಟಿ ಬಂದದ್ದು 1970ರ ದಶಕದಲ್ಲಿ, ಅದು ವ್ಯಾಪಾರವಾದದ್ದೂ ಆಗಲೇ. ನೀರಿನಿಂದ ಗುಣಪಡಿಸುವುದು ನಮಗೇನೂ ಹೊಸದಲ್ಲ ಬಿಡು. ಜರ್ಮನಿಯ ಲೂಯಿ ಕುನೆ ಹೇಳಿದ ಕಟಿಸ್ನಾನವನ್ನು ಗಾಂಧೀಜಿ ಬಹಳ ನೆಚ್ಚಿಕೊಂಡಿದ್ದರು. ಧರ್ಮಸ್ಥಳದವರ ಶಾಂತಿವನದಲ್ಲಿ ಈಗಲೂ ಜಲಚಿಕಿತ್ಸೆ ಉಂಟು.

ನಮ್ಮ ಹೊಲದ ಬಾವಿಯನ್ನು ನೀನು ಸರಿಯಾಗಿ ನೋಡಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಅದರ ಕಡೆ ಯಾರೂ ಹೊರಳಿ ನೋಡಲಿಲ್ಲ. ಈಗ ಸುತ್ತ ಜಾಲಿ ಬೆಳೆದಿದೆ. ನನ್ನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಅಜ್ಜ ನೀರಿಗೆ ನೂಕಿದ್ದು ಅಲ್ಲಿಯೇ. ಕೈಕಾಲು ಬಡಿದಷ್ಟೂ ಬಾಯಿಗೆ ನೀರು. ಅಜ್ಜ ಮೆಟ್ಟಿಲ ಮೇಲೆ ಬೀಡಿ ಸೇದುತ್ತ, "ಬಿಗಿ ಹಿಡೀಬ್ಯಾಡಲೇ, ಮೈ ಬಿಡು. ಎದಿ ತುಂಬ ಉಸಿರು ತಗೋ, ನೀರೇ ಹೊರ್ತದ" ಅನ್ನುತ್ತಿದ್ದ. ಈಸು ಬಂದ ಮೇಲೂ ಅಂಗಾತ ತೇಲಲು ಬಹಳ ದಿನ ಬೇಕಾಯಿತು. ಈಸುವಾಗ ಮಾಡುವ ಕೆಲಸ ಇರುತ್ತದೆ. ತೇಲುವಾಗ ಏನನ್ನೂ ಮಾಡದೆ ನಂಬಿ ಬಿದ್ದಿರಬೇಕು. ಕಿವಿ ಎರಡೂ ನೀರೊಳಗೆ ಇಳಿದವೆಂದರೆ ಹೊಲದ ಗದ್ದಲವೆಲ್ಲ ನಿಂತು ನನ್ನ ಉಸಿರೇ ನನಗೆ ಕೇಳಿಸುತ್ತಿತ್ತು, ಮೇಲೆ ಬಾವಿಯ ಬಾಯಿಯಷ್ಟೇ ಆಕಾಶ. ಹಠಪ್ರದೀಪಿಕೆ ಹೇಳುವ ಎಂಟು ಕುಂಭಕಗಳಲ್ಲಿ ಪ್ಲಾವಿನಿ ಎಂಬುದೊಂದಿದೆ. ಒಳಗೆ ಗಾಳಿ ತುಂಬಿಕೊಂಡವನು ಆಳವಾದ ನೀರಿನ ಮೇಲೂ ಸುಖವಾಗಿ ತೇಲುತ್ತಾನಂತೆ. ಅಜ್ಜ ಅದನ್ನೆಲ್ಲ ಓದಿದವನಲ್ಲ. ನಿನ್ನ ತೊಟ್ಟಿಯಲ್ಲಿ ಆ ಉಸಿರಿನ ಹಂಗೂ ಇಲ್ಲ, ಎಲ್ಲವನ್ನೂ ಉಪ್ಪೇ ನೋಡಿಕೊಳ್ಳುತ್ತದೆ.

ಹಳೆಯದೆಲ್ಲ ಚಿನ್ನ ಅಂತ ಹೇಳುತ್ತಿಲ್ಲವ್ವ. ಬಾವಿಯಲ್ಲಿ ನೀರುಹಾವು ಇದ್ದವು. ಹೆಣ್ಣುಮಕ್ಕಳನ್ನು ಇಳಿಯಗೊಡುತ್ತಿರಲಿಲ್ಲ. ನಿನ್ನವ್ವ ಮೇಲೆ ಕಲ್ಲಿನ ಮೇಲೆ ಕೂತು ನಮ್ಮ ಅರಿವೆ ಕಾಯುತ್ತಿದ್ದಳು. ಯಾರೂ ಇಲ್ಲದ ಮಧ್ಯಾಹ್ನ ನಾನಾದರೂ ಅವಳಿಗೆ ಕಲಿಸಬಹುದಿತ್ತು, ಕಲಿಸಲಿಲ್ಲ. ಅವಳ ಮಗಳು ದುಡಿದ ರೊಕ್ಕದಲ್ಲಿ ನೀರಿನ ಮೇಲೆ ಮಲಗಿ ಬರುತ್ತಾಳೆ ಅಂದಾಗ ನನಗೆ ಒಳಗೊಳಗೇ ಖುಷಿಯೂ ಆಯಿತು. ಇದನ್ನು ನಿನ್ನವ್ವನ ಮುಂದೆ ಆಡಬೇಡ.

ಇನ್ನು ಗುಣದ ಮಾತು. ಅಮೆರಿಕದ ಟಲ್ಸಾ ಊರಿನಲ್ಲಿ ಜಸ್ಟಿನ್ ಫೈನ್‌ಸ್ಟೀನ್ ಮತ್ತು ಸಂಗಡಿಗರು ಆತಂಕ, ಒತ್ತಡದ ಕಾಯಿಲೆ ಇದ್ದ 50 ಮಂದಿಯನ್ನು ಒಂದೊಂದು ತಾಸು ತೇಲಿಸಿ 2018ರಲ್ಲಿ ವರದಿ ಮಾಡಿದರು. ಎದ್ದು ಬಂದಾಗ ಆತಂಕ ಚೆನ್ನಾಗಿ ಇಳಿದಿತ್ತು, ಮೈಯ ಬಿಗಿತ ಸಡಿಲಿತ್ತು. ನಿನಗೂ ಹಾಗೇ ಆಗಿರಬೇಕು, ಸುಳ್ಳೆನ್ನುವುದಿಲ್ಲ. ಆದರೆ 2021ರಲ್ಲಿ ಜರ್ಮನಿಯವರ ಇನ್ನೊಂದು ಪರೀಕ್ಷೆ ಪ್ರಕಟವಾಯಿತು. ಬಹುಕಾಲದ ನೋವಿನ 99 ರೋಗಿಗಳು. ಕೆಲವರಿಗೆ ನಿಜವಾದ ತೊಟ್ಟಿ. ಕೆಲವರಿಗೆ ಉಪ್ಪು ಕಡಿಮೆ ಹಾಕಿ ಮೈ ಪೂರಾ ತೇಲದಂತೆ ಮಾಡಿದ ತೊಟ್ಟಿ. ಉಳಿದವರಿಗೆ ಏನೂ ಇಲ್ಲ. ಬಹಳ ದಿನ ಉಳಿಯುವ ಲಾಭ ಯಾರಿಗೂ ಕಾಣಲಿಲ್ಲ. ಎದ್ದ ಗಳಿಗೆಯ ಹಗುರವೋ, ಅದು ನಿಜವಾದ ತೊಟ್ಟಿಯವರಿಗೂ ಸಿಕ್ಕಿತ್ತು, ಹುಸಿ ತೊಟ್ಟಿಯವರಿಗೂ ಸಿಕ್ಕಿತ್ತು! ಉಪ್ಪಿನ ಮೆಗ್ನೀಸಿಯಂ ಚರ್ಮದಿಂದ ಇಳಿದು ಮೈಗೆ ಹತ್ತುತ್ತದೆ ಅನ್ನುವುದಕ್ಕೂ ಗಟ್ಟಿ ಪುರಾವೆ ಇಲ್ಲ, ಅಂಗಡಿಯವರು ಏನೇ ಹೇಳಲಿ.

ಇದನ್ನು ಓದಿ ಯೋಚನೆಗೆ ಬಿದ್ದೆ. ಉಪ್ಪು ಕಡಿಮೆ ಇದ್ದರೂ ಹಗುರಾದರು ಅಂದರೆ, ಹಗುರ ಮಾಡಿದ್ದು ಯಾವುದು? ನನಗೆ ತೋಚುವುದು ಇಷ್ಟು: ಆ ಒಂದು ತಾಸು ಅವರನ್ನು ಯಾರೂ ಕರೆಯಲಿಲ್ಲ. ರನ್ನನ ಗದಾಯುದ್ಧವನ್ನು ಶಾಲೆಯಲ್ಲಿ ನೀನೂ ಓದಿದ್ದಿ. ಭೀಷ್ಮರ ಮಾತು ಕೇಳಿ ದುರ್ಯೋಧನ ಜಲಸ್ತಂಭನ ಮಂತ್ರದ ಬಲದಿಂದ ವೈಶಂಪಾಯನ ಸರೋವರದೊಳಗೆ ಅಡಗುತ್ತಾನೆ. ಅಂಥ ತಣ್ಣನೆಯ ಕೊಳ, ಸುತ್ತಲೂ ನೀರು. ಆದರೂ ದಡದ ಮೇಲಿಂದ ಭೀಮನ ಗರ್ಜನೆ ಕೇಳಿದ್ದೇ ಅವನ ಮೈ ಬೆವರಿತು. ನಮ್ಮ ಕನ್ನಡ ಮೇಷ್ಟ್ರು ಇದನ್ನು ವೀರರಸ ಅಂತ ಪಾಠ ಮಾಡಿದ್ದರು. ಈ ವಯಸ್ಸಿನಲ್ಲಿ ನನಗೆ ಅದು ನಿದ್ದೆಗೆಟ್ಟ ಮನುಷ್ಯನ ಕಥೆಯ ಹಾಗೆ ಕಾಣುತ್ತದೆ. ಕಳೆದ ಸಲ ನೀನು ಬಂದಾಗ ರಾತ್ರಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿದ್ದೆವಲ್ಲ, ತಲೆದಿಂಬಿನ ಕೆಳಗಿನ ಫೋನು ಒಂದು ಸಲ ಗುಂಯ್‌ಗುಟ್ಟಿದ್ದಕ್ಕೆ ನೀನು ಎದ್ದು ಕೂತೆ. ಆಫೀಸಿನದು, ಮಾಮಾ, ಅಲ್ಲಿ ಈಗ ಹಗಲು ಅಂದೆ. ನಾನೇನೂ ಅನ್ನಲಿಲ್ಲ.

ಅದಕ್ಕೇ ಒಂದೇ ಒಂದು ಮಾತು ಕೇಳು. ತೊಟ್ಟಿಗೆ ಹೋಗುವುದು ಬಿಡುವುದು ನಿನ್ನಿಷ್ಟ, ರೊಕ್ಕ ನಿನ್ನದು. ಆದರೆ ಅಲ್ಲಿ ಸಿಗುವ ಆ ಯಾರೂ ಕರೆಯದ ತಾಸನ್ನು ಮನೆಯಲ್ಲೇ ದಿನಾ ತೆಗೆದಿಡು. ರಾತ್ರಿ ಹತ್ತರ ನಂತರ ಫೋನ್ ತೆಗೆಯುವುದಿಲ್ಲ ಅಂತ ಆಫೀಸಿನಲ್ಲಿ ಬಾಯಿಬಿಟ್ಟು ಹೇಳು. ಹಾಗೆ ಹೇಳಿದರೆ ಎಲ್ಲಿ ಕೆಲಸ ಹೋಗುತ್ತದೋ ಅಂತ ಹೆದರುತ್ತಿ, ನನಗೆ ಗೊತ್ತು. ಹೇಳುವುದು ಸುಲಭ ಅಂತಲೂ ಗೊತ್ತು. ಪೂರಾ ತಾಸು ಬಿಡದಿದ್ದರೆ ಅರ್ಧದಿಂದ ಶುರುಮಾಡು. ಫೋನನ್ನು ಅಡುಗೆಮನೆಯಲ್ಲಿಟ್ಟು, ದೀಪ ಆರಿಸಿ, ಅಂಗಾತ ಮಲಗು. ನಿದ್ದೆ ಬರಲೇಬೇಕು ಅಂತ ಹಠ ಹಿಡಿಯಬೇಡ.

ಇಷ್ಟಾಗಿಯೂ ನಿದ್ದೆ ಹತ್ತದಿದ್ದರೆ ತೊಟ್ಟಿಯನ್ನೇ ನೆಚ್ಚಿಕೊಂಡು ದಿನ ತಳ್ಳಬೇಡ, ಡಾಕ್ಟರರನ್ನು ಕಾಣು. ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ. ಅಲ್ಲಿಗೆ ಹೋದರೆ ಜನ ಏನಂದಾರು ಅನ್ನುವ ಕಾಲ ಹೋಯಿತು, ಹೋಗಿಲ್ಲದಿದ್ದರೆ ಅಂದವರಿಗೆ ನನ್ನ ಹೆಸರು ಹೇಳು. ತೊಟ್ಟಿಗೆ ಹೋಗುವ ದಿನ ಮೈಮೇಲೆ ಗಾಯ ತರಚು ಇದ್ದರೆ ಬೇಡ, ಉರಿ ತಡೆಯಲಾಗುವುದಿಲ್ಲ. ಕಣ್ಣಿಗೆ ನೀರು ಹಾರಿಸಿಕೊಳ್ಳಬೇಡ. ನಿನಗೆ ಬಿ.ಪಿ. ಕಡಿಮೆ, ಎದ್ದ ಕೂಡಲೆ ತಲೆ ತಿರುಗೀತು, ಸಾವಕಾಶ ಏಳು. ರೊಕ್ಕ ಉಳಿಸಲೆಂದು ಗೊಬ್ಬರದಂಗಡಿಯ ಚೀಲ ತಂದು ಬಚ್ಚಲಲ್ಲಿ ಸುರಿದುಕೊಳ್ಳುವ ಯೋಚನೆ ಇದ್ದರೆ ಈಗಲೇ ಬಿಡು. ಅದು ಬೆಳೆಗೆ ತಯಾರಿಸಿದ್ದು.

ಈಸಲು ಕಲಿಯುವ ಆಸೆ ಇದ್ದರೆ ಬೆಂಗಳೂರಿನ ಈಜುಕೊಳದಲ್ಲೇ ಕಲಿ. ಊರಿಗೆ ಬಂದಾಗ ಕಾಲುವೆಗಂತೂ ಇಳಿಯಬೇಡ, ಸೆಳವು ಕಣ್ಣಿಗೆ ಕಾಣುವುದಿಲ್ಲ. ದೇವದುರ್ಗದ ಬೀಗರಂತೂ ಮೊಸಳೆಗೆ ಅಂಜಿ ಕೃಷ್ಣೆಯ ಹತ್ತಿರವೇ ಸುಳಿಯುವುದಿಲ್ಲ.

ಸಂಕ್ರಾಂತಿಗೆ ರಜೆ ಸಿಗುತ್ತದೋ ಇಲ್ಲವೋ ಈ ವಾರವೇ ತಿಳಿಸು. ಹಬ್ಬದ ಮುಂದೆ ರಾತ್ರಿ ಬಸ್ಸಿನ ಸೀಟು ಸಿಗುವುದಿಲ್ಲ. ನಿನ್ನ ಅತ್ತೆ ಸಜ್ಜೆ ರೊಟ್ಟಿಗೆ ಈಗಲೇ ಎಳ್ಳು ಹಸನು ಮಾಡಿಟ್ಟಿದ್ದಾಳೆ. ಬರುವಾಗ ಡಾಕ್ಟರರ ಚೀಟಿ ಇದ್ದರೆ ತಗೊಂಡು ಬಾ, ಇಲ್ಲಿ ಇಬ್ಬರೂ ಕೂತು ಓದೋಣ.

ಇಂತಿ ನಿನ್ನ ಪ್ರೀತಿಯ
ಮಾಮಾ