ಕ್ಯಾಮರಾದೊಳಗಿನ ಧೂಳು: ಮೊದಲು ಊದಿ, ಆಮೇಲೆ ಮುಟ್ಟಿ



ರಜೆಗೆ ಊರಿಗೆ ಹೊರಡುವ ಮುನ್ನ ಪಾಸ್‌ಪೋರ್ಟ್, ಟಿಕೆಟ್, ಲಗೇಜಿನ ತೂಕ ಎಲ್ಲವನ್ನೂ ಎರಡೆರಡು ಸಲ ನೋಡುತ್ತೇವೆ. ಕ್ಯಾಮರಾ ಮಾತ್ರ ಹಾಗೇ ಬ್ಯಾಗು ಸೇರುತ್ತದೆ. ಮದುವೆ, ಉಪನಯನ ಮುಗಿಸಿ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಪ್ರತಿ ಫೋಟೋದಲ್ಲೂ ಒಂದೇ ಜಾಗದಲ್ಲಿ ಮಸುಕು ಚುಕ್ಕೆ! ಮದುವೆಯನ್ನು ಮತ್ತೆ ಮಾಡಿಸಲಾಗುವುದಿಲ್ಲವಲ್ಲ.

ಎಗೈಲಾದಲ್ಲಿರುವ ನಮಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಮರುಭೂಮಿ. 2011ರ ಮಾರ್ಚ್ 25ರ ಧೂಳಿನ ಬಿರುಗಾಳಿ ಕುವೈತಿನಲ್ಲಿ ಹಗಲನ್ನೇ ಕತ್ತಲಾಗಿಸಿತ್ತು. 2022ರ ಮೇ ತಿಂಗಳಲ್ಲಿ ಧೂಳಿನಿಂದಾಗಿ ವಿಮಾನ ಸಂಚಾರವೇ ಕೆಲ ಹೊತ್ತು ನಿಂತಿತ್ತು. ಈ ಧೂಳಿನಲ್ಲಿರುವ ಕ್ವಾರ್ಟ್ಜ್ ಕಣಗಳು ಸಾಮಾನ್ಯ ಗಾಜಿಗಿಂತ ಗಟ್ಟಿ. ಸೆನ್ಸರಿನ ಮುಂದೆ ತೆಳುವಾದ ಫಿಲ್ಟರ್ ಗಾಜು ಇರುತ್ತದೆ. ಧೂಳು ಕೂರುವುದು ಅದರ ಮೇಲೆ. ಊದದೆ ನೇರವಾಗಿ ಒರೆಸಿದರೆ ಮರಳಿನ ಕಣವೇ ಗೀರು ಹಾಕುತ್ತದೆ. ಚುಕ್ಕೆ ಹೋಗಬಹುದು, ಗೀರು ಹೋಗುವುದಿಲ್ಲ.

ಧೂಳಿದೆಯೇ ಎಂದು ತಿಳಿಯುವುದು ಹೇಗೆ?

ಅಪರ್ಚರ್ ಎಫ್16 ಅಥವಾ ಎಫ್22ಕ್ಕೆ, ಐಎಸ್ಓ ಕನಿಷ್ಠಕ್ಕೆ ಇಡಿ. ಮ್ಯಾನುಯಲ್ ಫೋಕಸ್ಸನ್ನು ದೂರಕ್ಕೆ ತಿರುಗಿಸಿ, ಹತ್ತಿರದ ಬಿಳಿ ಹಾಳೆಯ ಫೋಟೋ ತೆಗೆಯಿರಿ. ಕೈ ಅಲುಗಿದರೂ ಚಿಂತೆಯಿಲ್ಲ. ಧೂಳು ಕ್ಯಾಮರಾದ ಜೊತೆಗೇ ಚಲಿಸುತ್ತದೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಲೆನ್ಸ್ ಬದಲಿಸಿದ ಮೇಲೂ ಚುಕ್ಕೆ ಅದೇ ಜಾಗದಲ್ಲಿದ್ದರೆ ಅದು ಸೆನ್ಸರಿನದೇ. ಫೋಟೋದ ಮೇಲ್ಭಾಗದ ಚುಕ್ಕೆ ಸೆನ್ಸರಿನ ಕೆಳಭಾಗದಲ್ಲಿರುತ್ತದೆ, ನೆನಪಿಡಿ.

ಶುಚಿಗೊಳಿಸುವ ಕ್ರಮ

1. ಮೊದಲು ಕ್ಯಾಮರಾದ ಸ್ವಯಂ ಶುಚಿ ಸೌಲಭ್ಯ ಬಳಸಿ. 2003ರ ಒಲಿಂಪಸ್ ಇ-1ರಲ್ಲಿ ಬಂದ ಈ ಕಂಪನದ ವಿಧಾನ ಈಗ ಅನೇಕ ಕ್ಯಾಮರಾಗಳಲ್ಲಿದೆ. ನಾಲ್ಕೈದು ಸಲ ಮಾಡಿ, ಮತ್ತೆ ಪರೀಕ್ಷಿಸಿ.

2. ಹೋಗದಿದ್ದರೆ ರಬ್ಬರ್ ಬ್ಲೋವರ್. ಕಿಟಕಿ ಮುಚ್ಚಿ, ಎ.ಸಿ. ಮತ್ತು ಫ್ಯಾನ್ ಆರಿಸಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ನಡುವೆ ಖಾಲಿಯಾದರೆ ಕನ್ನಡಿ, ಶಟರ್ ಮುಚ್ಚಿಕೊಂಡು ಹಾನಿಯಾಗಬಹುದು. ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಆರಿಸಿ. ಮಿರರ್‌ಲೆಸ್ ಆದರೆ ಕೈಪಿಡಿಯಲ್ಲಿರುವಂತೆ ಮಾಡಿ. ಬ್ಲೋವರನ್ನು ಮೊದಲು ಹೊರಗೆ ನಾಲ್ಕು ಸಲ ಒತ್ತಿ ಅದರೊಳಗಿನ ಧೂಳು ಕಳೆಯಿರಿ. ಕ್ಯಾಮರಾದ ಬಾಯಿ ಕೆಳಮುಖವಾಗಿ ಹಿಡಿದು ಊದಿ. ಬ್ಲೋವರಿನ ತುದಿ ಒಳಗೆ ತಾಗದಿರಲಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಡಬ್ಬಿಯ ಒತ್ತಡದ ಗಾಳಿಯಲ್ಲಿ ದ್ರವ ಸಿಡಿಯುವ ಭಯವಿದೆ. ಎರಡೂ ಬೇಡ.

3. ಮತ್ತೆ ಪರೀಕ್ಷಿಸಿ. ಹೆಚ್ಚಿನ ಸಲ ಇಲ್ಲಿಗೇ ಕೆಲಸ ಮುಗಿಯುತ್ತದೆ. ಎಫ್8ರಲ್ಲಿ ಕಾಣದ ಸಣ್ಣ ಚುಕ್ಕೆಯಾದರೆ ಬಿಟ್ಟುಬಿಡಿ.

4. ಅಂಟಿಕೊಂಡ ಧೂಳಿಗೆ ಮಾತ್ರ ಒದ್ದೆ ಸ್ವ್ಯಾಬ್. ಎಪಿಎಸ್-ಸಿ ಸೆನ್ಸರಿಗೆ ಸುಮಾರು 16 ಮಿ.ಮೀ., ಫುಲ್ ಫ್ರೇಮಿಗೆ 24 ಮಿ.ಮೀ. ಅಗಲದ್ದು. ಅದಕ್ಕೆಂದೇ ಇರುವ ದ್ರವದ ಎರಡು ಹನಿ ಸಾಕು. ಹಗುರವಾಗಿ ಒಂದು ತುದಿಯಿಂದ ಇನ್ನೊಂದಕ್ಕೆ ಒಮ್ಮೆ ಎಳೆಯಿರಿ, ಮಗ್ಗುಲು ತಿರುಗಿಸಿ ವಾಪಸ್ ಎಳೆಯಿರಿ, ಎಸೆಯಿರಿ. ಅದನ್ನೇ ಮತ್ತೆ ಬಳಸಬಾರದು. ಹತ್ತಿ, ಕನ್ನಡಕದ ಬಟ್ಟೆ ಬೇಡವೇ ಬೇಡ. ಮೆಥನಾಲ್ ಇರುವ ದ್ರವ ವಿಷ, ಬೆಂಕಿಗೂ ಬೇಗ ಹತ್ತುತ್ತದೆ. ಮಕ್ಕಳಿಂದ ದೂರವಿಡಿ, ವಿಮಾನದ ಲಗೇಜಿಗೆ ಹಾಕಬೇಡಿ. ಕೈ ನಡುಗುವುದಾದರೆ ಸರ್ವಿಸ್ ಸೆಂಟರಿಗೆ ಕೊಡುವುದೇ ಜಾಣತನ.

ಲೆನ್ಸ್ ಕಳಚಲಾಗದ ಚಿಕ್ಕ ಕ್ಯಾಮರಾಗಳನ್ನು ಮನೆಯಲ್ಲಿ ಬಿಚ್ಚಬೇಡಿ. ಬ್ಯಾಟರಿ ತೆಗೆದಿದ್ದರೂ ಫ್ಲಾಶಿನ ಕೆಪಾಸಿಟರ್ ಜೋರಾದ ಶಾಕ್ ಕೊಡಬಲ್ಲದು.

ಧೂಳು ಒಳಬರದಂತೆ

ಕಡಲ ದಂಡೆಯಲ್ಲಿ, ಗಾಳಿ ಬೀಸುವಾಗ ಲೆನ್ಸ್ ಬದಲಿಸಬೇಡಿ. ಅನಿವಾರ್ಯವಾದರೆ ಕಾರಿನೊಳಗೆ ಕುಳಿತು, ಕ್ಯಾಮರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ ಬದಲಿಸಿ. ಬೇಸಿಗೆಯಲ್ಲಿ ಎ.ಸಿ. ಕೋಣೆಯಿಂದ ತೇವದ ಸೆಖೆಗೆ ಬಂದರೆ ತಣ್ಣಗಿನ ಗಾಜಿನ ಮೇಲೆ ನೀರು ಕೂರುತ್ತದೆ. ಧೂಳು ಒದ್ದೆಯಾಗಿ ಒಣಗಿದರೆ ಗಟ್ಟಿಯಾಗಿ ಅಂಟುತ್ತದೆ. ಹೊರಗೆ ಬಂದ ಮೇಲೆ ಅರ್ಧ ಗಂಟೆ ಕ್ಯಾಮರಾ ಮುಚ್ಚಿದ ಬ್ಯಾಗಿನಲ್ಲೇ ಇರಲಿ.

ಈ ಪರೀಕ್ಷೆಯನ್ನು ಊರಿಗೆ ಹೊರಡುವ ಒಂದು ವಾರ ಮೊದಲೇ ಮಾಡಿಕೊಳ್ಳಿ. ಸರ್ವಿಸಿಗೆ ಕೊಡಬೇಕಾಗಿ ಬಂದರೂ ಆಗ ಸಮಯವಿರುತ್ತದೆ.