ಅಡಿಕೆ ಬುಡದ ಕತ್ತಲೆವಾಸಿ



ಗರಿ ಹಳದಿಯಾದ ಅಡಿಕೆ ಮರವನ್ನು ಕಂಡೊಡನೆ ನಾವು ಗೊಬ್ಬರದ ಚೀಲ ಬಿಚ್ಚುತ್ತೇವೆ. ಕೋರದ ನನ್ನ ತೋಟದಲ್ಲಿ ನಾನೂ ಎರಡು ವರ್ಷ ಹಾಗೆಯೇ ಮಾಡಿದೆ. ಕೊನೆಗೆ ಬುಡ ಅಗೆದಾಗ ಸಿಕ್ಕಿದ್ದು ಕೊಕ್ಕೆಯಂತೆ ಬಾಗಿದ ಬಿಳಿಯ ಗೊಣ್ಣೆಹುಳುಗಳು. ಬೇರೇ ಇಲ್ಲದ ಮರಕ್ಕೆ ಗೊಬ್ಬರ ಸುರಿದು ಫಲವೇನು?

ಅಡಿಕೆಯ ಬೇರುಹುಳುವೆಂದರೆ ಲ್ಯೂಕೋಫೋಲಿಸ್ ಕುಲದ ದುಂಬಿಯ ಮರಿ. ನೆಲದೊಳಗಿನ ಬಾಳಿಗೆ ಅದರ ಮೈ ಚೆನ್ನಾಗಿ ಹೊಂದಿಕೊಂಡಿದೆ. ಕತ್ತಲೆಯಲ್ಲಿ ಕೆಲಸಕ್ಕೆ ಬಾರದ ಕಣ್ಣು ಅದಕ್ಕಿಲ್ಲ. ಬಿಸಿಲು ತಾಗದ ಚರ್ಮಕ್ಕೆ ಬಣ್ಣವೂ ಇಲ್ಲ. ಮೈಯೆಲ್ಲ ಮೆತ್ತಗೆ, ತಲೆ ಮತ್ತು ದವಡೆ ಮಾತ್ರ ಗಟ್ಟಿ. ಉಸಿರಾಟದ ರಂಧ್ರಗಳು ಎರಡೂ ಪಕ್ಕೆಗಳಲ್ಲಿ ಸಾಲಾಗಿವೆ. ಬೇರುಗಳು ಹೊರಬಿಡುವ ಇಂಗಾಲದ ಡೈ ಆಕ್ಸೈಡ್ ಅನಿಲದ ಜಾಡು ಹಿಡಿದು ಅದು ಬೇರನ್ನು ಸೇರುತ್ತದೆ. ಉಬ್ಬಿದ ಹಿಂಗರುಳಿನಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಅರಗಿಸಿಕೊಡುತ್ತವೆ. ಮೇಲ್ಮಣ್ಣು ಒಣಗಿದರೆ ತೇವವಿರುವ ಆಳಕ್ಕೆ ಇಳಿದುಬಿಡುತ್ತದೆ; ಬೇಸಿಗೆಯಲ್ಲಿ ಬುಡಕ್ಕೆ ಸುರಿದ ಔಷಧಿ ಅದನ್ನು ಮುಟ್ಟುವುದೇ ಕಷ್ಟ.

ಕೇರಳದ ಕೊಟ್ಟಾಯಂ ಕಡೆಯ ಬಾವಿಗಳಲ್ಲಿ ಇಂಥದೇ ಒಂದು ಕತ್ತಲೆವಾಸಿಯಿದೆ. ಹೊರಗ್ಲಾನಿಸ್ ಕೃಷ್ಣೈ ಎಂಬ ಆ ಪುಟ್ಟ ಮೀನನ್ನು 1950ರಲ್ಲಿ ಎ. ಜಿ. ಕೆ. ಮೆನನ್ ಅವರು ಲೋಕಕ್ಕೆ ಪರಿಚಯಿಸಿದರು. ಅದಕ್ಕೂ ಕಣ್ಣಿಲ್ಲ, ಬಣ್ಣವಿಲ್ಲದ ಚರ್ಮದಡಿಯ ರಕ್ತವೇ ಕೆಂಪಾಗಿ ಕಾಣುತ್ತದೆ. ಆದರೆ ಮೀನು ಸಾಯುವತನಕ ಕುರುಡು. ನಮ್ಮ ಹುಳುವೋ ಮಣ್ಣಿನ ಗೂಡಿನಲ್ಲಿ ಕೋಶವಾಗಿ, ಕಣ್ಣು ರೆಕ್ಕೆಗಳನ್ನು ಪಡೆದು, ಮುಂಗಾರು ಮಳೆ ಬಿದ್ದ ಮೇಲೆ ಮುಸ್ಸಂಜೆಯಲ್ಲಿ ಜೋಡಿ ಹುಡುಕಲು ಮೇಲೆ ಬರುತ್ತದೆ.

ಅದು ನಮ್ಮ ಕೈಗೆ ಸಿಗುವುದು ಆಗಲೇ. ಮಳೆ ಹಿಡಿದ ಮೊದಲ ಎರಡು ವಾರ ಸಂಜೆ ಹೊತ್ತು ಮನೆಮಂದಿಯೆಲ್ಲ ತೋಟಕ್ಕಿಳಿದು ದುಂಬಿ ಹಿಡಿದು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಒಬ್ಬರೇ ಮಾಡಿದರೆ ಸಾಲದು, ಪಕ್ಕದ ತೋಟದವರೂ ಕೂಡಬೇಕು. ಮಣ್ಣು ಸಡಿಲಿಸಿದಾಗ ಹೊರಬಿದ್ದ ಹುಳುಗಳನ್ನು ಕಾಗೆ, ಗೊರವಂಕಗಳೇ ಮುಗಿಸುತ್ತವೆ. ಬುಡಕ್ಕೆ ಬೇವಿನ ಹಿಂಡಿ ಹಾಕುವುದೂ ಒಳ್ಳೆಯದು.

ಫೋರೇಟ್ ಹರಳನ್ನು ಈಗಲೂ ಕೇಳುವವರಿದ್ದಾರೆ. 2018ರ ಆದೇಶದ ಪ್ರಕಾರ 2020ರ ಡಿಸೆಂಬರ್ 31ರಿಂದ ಅದಕ್ಕೆ ನಿಷೇಧವಿದೆ. ಅದರ ವಿಷ ನೀರಿಗೂ ದನಕರುಗಳಿಗೂ ಮಾರಕ. ಅದಕ್ಕೆ ಬದಲಾಗಿ ಕೀಟಗಳನ್ನು ಕೊಲ್ಲುವ ನೆಮಟೋಡ್ ಜಂತುಗಳಿವೆ. ಇವೂ ಮಣ್ಣಿನ ಕತ್ತಲೆಯಲ್ಲೇ ಬಾಳುವವು. ಹುಳುವಿನ ಮೈಯೊಳಗೆ ಹೊಕ್ಕು, ತಮ್ಮೊಡನಿರುವ ಬ್ಯಾಕ್ಟೀರಿಯಾ ಬಿಟ್ಟು ಅದನ್ನು ಕೊಲ್ಲುತ್ತವೆ. ಇವನ್ನು ಒಣಮಣ್ಣಿಗೆ ಹಾಕಬೇಡಿ. ನೀರು ಹಾಯಿಸಿ, ಬಿಸಿಲು ಇಳಿದ ಮೇಲೆ ಹಾಕಿ.